ಹಳೇ ಚಾವಡಿ ಹಳೇದಾದದ್ದು ಯಾವಾಗ

“ಇನ್ನೊಮ್ಮೆ ಓದು ತಂಗಿ,” ಅಂದ ಮುದಕಪ್ಪ, ರೊಟ್ಟಿಯ ತುಣುಕನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ.

ವರದಾ ಇನ್ನೊಮ್ಮೆ ಓದಿದಳು. “ಪೂರ್ವಕ್ಕೆ ಹಳೇ ಚಾವಡಿ. ಪಶ್ಚಿಮಕ್ಕೆ ಕುದುರೆಗಳ ನೀರಿನ ಬಾನಿ. ಉತ್ತರಕ್ಕೆ ಸರಕಾರಿ ರಸ್ತೆ. ದಕ್ಷಿಣಕ್ಕೆ ಎಣ್ಣೆ ಗಾಣ.”

ಮುದುಕ ನಗಲಿಕ್ಕೆ ಶುರು ಮಾಡಿದ. ಮೊದಲು ಹೆಗಲು ಅಲುಗಿದವು, ಆಮೇಲೆ ಸದ್ದು ಬಂತು, ಅದರ ಹಿಂದೆ ಕೆಮ್ಮು. ಒಲೆಯ ಮುಂದಿನಿಂದ ಚನ್ನವ್ವ ಎದ್ದು ಬಂದು ಮಜ್ಜಿಗೆಯ ಲೋಟ ಅವನ ಕೈಗೆ ಹಿಡಿಸಿ, ಉಣ್ಣುವಾಗ ನಗಬೇಡ ಅಂತ ಎಷ್ಟು ಸಲ ಹೇಳಬೇಕು ಈ ಯಜ್ಜಗ ಅಂತ ಗೊಣಗಿದಳು.

ರಾಮದುರ್ಗದ ಪಾಗಾ ಚೌಕದಲ್ಲಿ ಹನ್ನೊಂದು ಗಂಟೆಯ ಬಿಸಿಲು. ಚನ್ನವ್ವನ ಖಾನಾವಳಿಯ ಒಳಗೆ ನಾಲ್ವರು ಹೆಂಗಸರು ರೊಟ್ಟಿ ಬಡಿಯುವ ಸದ್ದು ಒಂದೇ ತಾಳದಲ್ಲಿ ನಡೆದಿತ್ತು. ಕೆಳಗೆ ಖಾನಾವಳಿ, ಮೇಲಿನ ಮಜಲಿನಲ್ಲಿ ವಾಚನಾಲಯ. ಎರಡೂ ಸೇರಿ ಪಾಗಾ ಮನಿ. ಪಾಗಾ ಅಂದರೆ ಲಾಯ. ಸಂಸ್ಥಾನದ ಕುದುರೆಗಳನ್ನು ಕಟ್ಟುತ್ತಿದ್ದ ಜಾಗದಲ್ಲಿ ಈಗ ಬಸ್ಸಿಗೆ ಕಾಯುವ ಮಂದಿ ಉಣ್ಣುತ್ತಾರೆ, ಪಿಂಚಣಿಯ ಮಂದಿ ಪೇಪರು ಓದುತ್ತಾರೆ. ಅಷ್ಟೇ ಫರಕು.

ಆ ಮನೆಗೆ ಈಗ ಕುತ್ತು ಬಂದಿತ್ತು. ಎದುರಿನ ಅರಿವಿ ಅಂಗಡಿಯ ಶಂಕರೆಪ್ಪ, ತನ್ನ ಅಜ್ಜ ೧೯೩೭ರಲ್ಲಿ ಇದನ್ನು ಖರೀದಿ ಮಾಡಿದ್ದ ಅಂತ ಒಂದು ಕಾಗದ ತಂದು ಪುರಸಭೆಗೆ ಕೊಟ್ಟಿದ್ದ. ಸೋಮವಾರ ಸಂಜೆಯೊಳಗೆ ಗಟ್ಟಿ ಪುರಾವೆ ಇಟ್ಟು ಯಾರೂ ತಕರಾರು ಹಾಕದಿದ್ದರೆ ಮನೆ ಅವನ ಹೆಸರಿಗೆ. ಆಮೇಲೆ ಜೆಸಿಬಿ. ಇಪ್ಪತ್ತೆರಡು ವರ್ಷದಿಂದ ಹೊತ್ತಿದ ಒಲೆ ಚನ್ನವ್ವನದು. ಆ ಒಲೆಯನ್ನು ನಂಬಿದ್ದು ಐದು ಮನೆ.

ಇವತ್ತು ಶನಿವಾರ.

ಇನ್ನೊಂದು ಸಂಗತಿಯೂ ಇತ್ತು. ವಾಚನಾಲಯ ನೋಡಿಕೊಳ್ಳುತ್ತಿದ್ದ ಬಸಯ್ಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದನ್ನು ಊರು ನೋಡಿ ಎಂಟು ದಿನವಾಗಿತ್ತು.

ವರದಾ ಬಾಂಡ್ ರೈಟರ್. ನೋಂದಣಿ ಕಚೇರಿಯ ಬೇವಿನ ಗಿಡದ ಕೆಳಗೆ ಅವಳ ಮೇಜು. ಅಪ್ಪ ರಘೋತ್ತಮರಾಯರು ನಲವತ್ತು ವರ್ಷ ಕೂತ ಜಾಗ ಅದು. ಮೊಣಕಾಲು ಸೋತ ಮೇಲೆ ಮಗಳಿಗೆ ಬಿಟ್ಟುಕೊಟ್ಟಿದ್ದರು. ಖರೀದಿ ಪತ್ರದಲ್ಲಿ ಜಾಗದ ನಾಲ್ಕೂ ದಿಕ್ಕಿಗೆ ಏನೇನದೆ ಅಂತ ಬರೆಯುವ ಚಕ್ಕುಬಂದಿ ಇರುತ್ತದಲ್ಲ, ಅದನ್ನು ಅವಳು ಬೇರೆಯವರು ರಾಶಿ ಭವಿಷ್ಯ ಓದುವಷ್ಟು ಆಸೆಯಿಂದ ಓದುವವಳು. ಶಂಕರೆಪ್ಪನ ಕಾಗದದ ಝೆರಾಕ್ಸನ್ನು ಮೂರು ದಿನದಿಂದ ಓದುತ್ತಿದ್ದಳು. ಯಾರದೋ ಮೊಬೈಲಿನ ಫೋಟೊದ ಝೆರಾಕ್ಸು ಅದು, ಅಕ್ಷರವೆಲ್ಲ ಇರುವೆ ಹರಿದಾಡಿದಂತೆ. ತಪ್ಪು ಅಲ್ಲೆಲ್ಲೋ ಇದೆ ಅಂತ ಮೂಗು ಹೇಳುತ್ತಿತ್ತು, ಕಣ್ಣಿಗೆ ಸಿಗುತ್ತಿರಲಿಲ್ಲ. ಅದಕ್ಕೇ ಊರಲ್ಲಿ ಉಳಿದ ಕಡೇ ಕಲ್ಲುಕಟ್ಟುವ ಗವಂಡಿ, ಎಂಬತ್ತನಾಲ್ಕರ ಮುದಕಪ್ಪನನ್ನು ಕರೆಸಿ ಊಟಕ್ಕೆ ಕೂರಿಸಿದ್ದು.

“ಈಗ ಹೇಳಜ್ಜಾ. ನಗೂವಂಥಾದ್ದು ಏನದ?”

ಮುದಕಪ್ಪ ಎಡಗೈ ಚಾಚಿ ಬಾಗಿಲಾಚೆ ತೋರಿಸಿದ. ಚೌಕದ ಪೂರ್ವಕ್ಕೆ ಕರಿಕಲ್ಲಿನ ದಪ್ಪ ಕಂಬಗಳ ಹಳೇ ಚಾವಡಿ, ಈಗ ಅದರೊಳಗೆ ರೇಶನ್ನಿನ ಚೀಲ.

“ಅದು ಹಳೇ ಚಾವಡಿ ಆಗಿದ್ದು ಯಾವಾಗ?”

“ಯಾವಾಗಲೂ ಹಳೇ ಚಾವಡಿನ ಅಲ್ಲಾ?”

“ಯವ್ವಾ, ನಾ ಸಣ್ಣಾಂವ ಇದ್ದಾಗ ಅದು ಬರೇ ಚಾವಡಿ. ಬಸ್‌ಸ್ಟ್ಯಾಂಡ್ ಹಾದ್ಯಾಗ ಹೊಸಾ ಚಾವಡಿ ಕಟ್ಟಿದ್ರಲ್ಲ, ನನಗ ಹದಿನೆಂಟು. ಆ ಕಲ್ಲ ಹೊತ್ತಾಂವ ನಾನ. ಹೊಸಾದು ಎದ್ದ ಮ್ಯಾಲ ಇದು ಹಳೇದಾತು. ಸಣ್ಣ ಸೊಸಿ ಬರೂತನಾ ಇದ್ದಾಕಿನ್ನ ದೊಡ್ಡ ಸೊಸಿ ಅಂತ ಯಾರರ ಕರಿತಾರೇನು?”

ಚನ್ನವ್ವನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು.

ವರದಾ ಬೆರಳು ಮಡಿಸಿದಳು. ಮುದಕಪ್ಪನಿಗೆ ಹದಿನೆಂಟು ಅಂದರೆ ೧೯೫೯. ಕಾಗದ ಬರೆದದ್ದು ೧೯೩೭. ಇನ್ನೂ ಹುಟ್ಟದ ತಂಗಿಯ ಸಲುವಾಗಿ ಅಕ್ಕನಿಗೆ ಅಕ್ಕ ಅಂತ ಹೆಸರಿಟ್ಟವರು ಯಾರು?

ಒಂದು ಸಣ್ಣ ಶಬ್ದ. ಎರಡೇ ಅಕ್ಷರ. ಊರಿನವರ ಬಾಯಿಗೆ ಎಷ್ಟು ಹತ್ತಿ ಹೋಗಿತ್ತೆಂದರೆ ಓದುವವರ ಕಣ್ಣು ಅದರ ಮೇಲೆ ಜಾರಿಕೊಂಡೇ ಹೋಗುತ್ತಿತ್ತು. ಅವಳ ಕಣ್ಣೂ ಮೂರು ದಿನ ಜಾರಿತ್ತು.

“ಬಾಯಾರ, ಹಂಗಾರ ಇದನ್ನೂ ನೋಡ್ರಿ,” ಅಂತ ಚನ್ನವ್ವ ಒಳಗೆ ಹೋದಳು. ಬಂದಾಗ ಸೆರಗಿನ ಮರೆಯಲ್ಲಿ ರೊಟ್ಟಿ ಸುತ್ತುವ ಬಿಳಿ ಅರಿವೆಯ ಗಂಟು. ಬಿಚ್ಚಿದರೆ ಒಂದು ಉದ್ದನೆಯ ನೋಟ್‌ಬುಕ್ಕು. ರಟ್ಟಿನ ಮೇಲೆ ಬಸಯ್ಯನ ದುಂಡು ಅಕ್ಷರ: ಪಾಗಾ ಚೌಕದ ಕಟ್ಟಡಗಳು.

ಸಾಯುವ ಹಿಂದಿನ ದಿನ ಅವನೇ ತಂದು ಕೊಟ್ಟಿದ್ದನಂತೆ, ಮ್ಯಾಲೆ ಇಲಿ ಕಾಟ, ನಿನ್ನ ರೊಟ್ಟಿ ಬುಟ್ಟಿಯಾಗ ಇರಲಿ ಅಂತ. ಇಲಿಗೆ ರೊಟ್ಟಿ ಬುಟ್ಟಿ ಬಿಟ್ಟು ಪುಸ್ತಕ ಯಾಕೆ ಬೇಕಂತ ತಾನು ನಕ್ಕಿದ್ದೆ ಅಂತ ಹೇಳುವಾಗ ಚನ್ನವ್ವನ ದನಿ ಸ್ವಲ್ಪ ಒಡೆಯಿತು.

ಒಂದೊಂದು ಕಟ್ಟಡಕ್ಕೆ ಒಂದೊಂದು ಹಾಳೆ. ಎಣ್ಣೆ ಗಾಣ ಸೈಕಲ್ ಅಂಗಡಿಯಾದದ್ದು, ನೀರಿನ ಬಾನಿ ಒಡೆದು ಕಟ್ಟೆಗೆ ಹಾಕಿದ್ದು, ಮಲಪ್ರಭೆಯ ನೀರು ಎಲ್ಲೀತನಕ ಏರಿತ್ತು ಅನ್ನೋದಕ್ಕೆ ಗೋಡೆಯ ಗುರುತು. ಚಾವಡಿಯ ಹಾಳೆಯಲ್ಲಿ, ಬಾಗಿಲ ಮೇಲಿನ ಕಲ್ಲಿನಲ್ಲಿ ಶಕೆ ೧೮೪೯ ಅಂತ ಇದೆ, ಅಂದರೆ ೧೯೨೭. ಅದಕ್ಕೂ ಮುಂಚೆ ಇಲ್ಲಿ ಕುದುರೆಗೆ ಹಾಕುವ ಹುಲ್ಲಿನ ಬಣಿವೆ ಮಾತ್ರ, ಅಂತ ಬರೆದಿದ್ದ. ಅದರ ಕೆಳಗೆ ಹೊಸ ಶಾಯಿಯಲ್ಲಿ ಎರಡು ಸಾಲು.

‘ಹಳೇ ಅನ್ನೂದು ಯಾವಾಗಿನಿಂದ? ಮುದಕಪ್ಪನ್ನ ಕೇಳಬೇಕು. ವಕೀಲರ ಕಿವಿಗೂ ಹಾಕಬೇಕು.’

“ನಿನ್ನ ಕೇಳಿದ್ನೇನು ಅಜ್ಜಾ?”

ಮುದಕಪ್ಪ ತಲೆಯಾಡಿಸಿದ. ಇಲ್ಲ. ತಾನು ಆ ವಾರ ತೊರಗಲ್ಲಿಗೆ ಮಗಳ ಮನೆಗೆ ಹೋಗಿದ್ದೆ, ಬರುವುದರೊಳಗೆ ಅವನನ್ನು ಮಣ್ಣು ಮಾಡಿ ಬಂದಿದ್ದರು ಅಂದ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ.

“ಒಂದು ಮಾತು ಯಾರಿಗೂ ಹೇಳಿಲ್ಲ ಬಾಯಾರ,” ಅಂದಳು ಚನ್ನವ್ವ ಮೆಲ್ಲಗೆ. “ಬಸಯ್ಯನ್ನ ಮದಲ ನೋಡಿದಾಕಿ ನಾ. ಕಾಲಾಗ ಚಪ್ಪಲಿ ಇದ್ವು.”

“ಇದ್ರ?”

“ಚಪ್ಪಲಿ ಮೆಟ್ಟಿ ಅವ ಒಂದ ದಿನ ಮ್ಯಾಲೆ ಹೋದಾಂವಲ್ಲ. ಪುಸ್ತಕ ಇರೂ ಜಾಗಾ ಗುಡಿ ಇದ್ದಂಗ ಅಂತಿದ್ದ. ಇಲ್ಲೇ ನನ್ನ ಬಾಗಲಾಗ ಬಿಡಾಂವ, ಎಲ್ಲಾರ ಕಡಿಂದೂ ಬಿಡಸಾಂವ. ಮೆಟ್ಟಲದಿಂದ ಬಿದ್ದಾನ ಅಂದ್ರ ಕಾಲಾಗ ಚಪ್ಪಲಿ ಎಲ್ಲಿಂದ ಬಂದ್ವು?”

ರೊಟ್ಟಿಯ ತಾಳ ನಡೆದೇ ಇತ್ತು. ಮನೆಯವರು ಜಾರಿ ಬಿದ್ದ ಅಂತ ಬರೆಸಿ ಮುಗಿಸಿದ್ದರು. ಅಳುವ ಮನೆಯಲ್ಲಿ ಚಪ್ಪಲಿಯ ಲೆಕ್ಕ ಯಾರು ಹಿಡಿಯುತ್ತಾರೆ. ಬಸಯ್ಯ ಮೆಟ್ಟಿಲಿಂದ ಬಿದ್ದಿರಲಿಲ್ಲ. ಬೇರೆಲ್ಲೋ ಸತ್ತವನನ್ನು ಅಲ್ಲಿ ತಂದು ಮಲಗಿಸಿದ್ದರು. ಮಲಗಿಸಿದವನಿಗೆ ಆ ಬಾಗಿಲಿನ ರಿವಾಜು ಗೊತ್ತಿರಲಿಲ್ಲ.

ತಾನು ಬರುವ ತನಕ ಇಲ್ಲಿಂದ ಅಲುಗಬೇಡ ಅಂತ ಮುದಕಪ್ಪನಿಗೆ ಹೇಳಿ ವರದಾ ಎದ್ದಳು. ಎಲ್ಲಿಗೆ ಹೋಗಲಿ, ಇನ್ನೂ ಎರಡು ರೊಟ್ಟಿ ಬಾಕಿ ಐತಿ ಅಂದ ಮುದುಕ.

*

ಶಂಕರೆಪ್ಪನ ಅಂಗಡಿಯಲ್ಲಿ ಬಿಳಿ ಗಾದಿ. ಗಿರಾಕಿಗಳೆಲ್ಲ ಚಪ್ಪಲಿಯನ್ನು ಮೆಟ್ಟಿಲಲ್ಲೇ ಬಿಟ್ಟು ಏರಬೇಕು. ವರದಾಳೂ ಬಿಟ್ಟಳು.

ಗಾದಿಯ ತುದಿಗೆ ಒಬ್ಬರು ಬೂಟುಗಾಲನ್ನು ಹೊರಗೆ ಚಾಚಿ, ಆಚೆ ಮುಖ ಮಾಡಿ ಕೂತು ಶರ್ಟಿನ ಬಟ್ಟೆ ನೋಡುತ್ತಿದ್ದರು. ತಿರುಗಿದಾಗ ನೋಡಿದರೆ ಗುರುನಾಥ ವಕೀಲರು. ಚನ್ನವ್ವನ ತಕರಾರು ಅರ್ಜಿ ಬರೆಯುತ್ತಿರುವವರೇ ಅವರು.

ಅವರ ಮುಖದ ಮೇಲೆ ಏನೂ ಕದಲಲಿಲ್ಲ. ನಾವು ಎದುರಾಳಿ ಅಂತ ಅಂಗಿ ಹೊಲಿಸಿಕೊಳ್ಳೋದು ಬಿಡಲಿಕ್ಕೆ ಆಗ್ತದೇನು ವರದಾಬಾಯಿ, ಊರಿಗೆ ಒಂದೇ ಒಳ್ಳೇ ಅಂಗಡಿ, ಅಂತ ನಕ್ಕರು. ನಗು ಚೆನ್ನಾಗಿತ್ತು. ವರದಾಳಿಗೆ ಮಾತ್ರ ಹಲ್ಲಿನ ಸಂದಿಯಲ್ಲಿ ಅಡಿಕೆಯ ಚೂರು ಸಿಕ್ಕಿಕೊಂಡಂತಾಯಿತು.

ಶಂಕರೆಪ್ಪ ಚಹಾ ತರಿಸಿದ. ಆರೋಗ್ಯ ವಿಚಾರಿಸಿದ, ರಾಯರ ಮೊಣಕಾಲು ವಿಚಾರಿಸಿದ. ಮೂಲ ಪ್ರತಿ ನೋಡಬೇಕು ಅಂದದ್ದಕ್ಕೆ ತಿಜೋರಿಯಿಂದ ಪ್ಲಾಸ್ಟಿಕ್ಕಿನ ಹೊದಿಕೆ ತೆಗೆದ. ಆದರೆ ಅವಳ ಕೈಗೆ ಕೊಡಲಿಲ್ಲ, ತನ್ನ ತೊಡೆಯ ಮೇಲಿಟ್ಟುಕೊಂಡ.

“ಛಾಪಾ ಕಾಗದ ಖರೇ ಸಂಸ್ಥಾನದ್ದು. ಮೂರು ಮಂದಿ ನೋಡ್ಯಾರ. ನೀವೂ ನೋಡ್ರಿ.”

“ಕಾಗದ ಖರೇ ಇರಬಹುದು ಸಾವಕಾರ್ರ. ಬರದದ್ದು ಖರೇ ಇಲ್ಲ.”

“ಹೆಂಗ?”

ಅವಳು ಹೇಳಿದಳು. ಪೂರ್ವಕ್ಕೆ ಹಳೇ ಚಾವಡಿ ಅಂತ ಬರೆದ ವರ್ಷ ಆ ಚಾವಡಿಗೆ ಹತ್ತು ವರ್ಷ. ಗಾರೆಯ ವಾಸನೆ ಹೋಗಿರಲಿಲ್ಲ. ಹೊಸ ಚಾವಡಿ ಎದ್ದದ್ದು ಇನ್ನೂ ಇಪ್ಪತ್ತೆರಡು ವರ್ಷ ಬಿಟ್ಟು.

ಶಂಕರೆಪ್ಪನ ಬಾಯಿ ಸ್ವಲ್ಪ ತೆರೆಯಿತು. ಅವಳು ನಿರೀಕ್ಷೆ ಮಾಡಿದ್ದು ಸಿಟ್ಟು, ಇಲ್ಲವೇ ನಗು. ಎರಡೂ ಬರಲಿಲ್ಲ. ಬಂದದ್ದು ಬೆರಗು. ಅಂಗಡಿಯಲ್ಲಿ ಅಳತೆ ತಪ್ಪಿ ಕತ್ತರಿಸಿದ ಬಟ್ಟೆಯನ್ನು ನೋಡುವಾಗ ಬರುತ್ತದಲ್ಲ, ಅಂಥದ್ದು. ಮತ್ತೆ ಅವನ ಕಣ್ಣು, ಒಂದು ರೆಪ್ಪೆ ಹೊಡೆಯುವಷ್ಟು ಹೊತ್ತು, ಗಾದಿಯ ತುದಿಗೆ ಹೋಗಿ ಬಂತು.

“ಅದಕ್ಕೂ ಮದಲ ಬ್ಯಾರೆ ಒಂದು ಚಾವಡಿ ಇತ್ತೋ ಏನೋ,” ಅಂದ. “ಯಾರ ಕಂಡಾರ?”

“ಬಸಯ್ಯ ಬರದಿಟ್ಟು ಹೋಗ್ಯಾನ, ಇರಲಿಲ್ಲ ಅಂತ. ಕಣ್ಣಿಲೆ ಕಂಡವರೂ ಇದ್ದಾರ. ಹೊಸಾ ಚಾವಡಿಗೆ ಕಲ್ಲು ಹೊತ್ತವರು ಇನ್ನೂ ಬದುಕ್ಯಾರ ಸಾವಕಾರ್ರ.”

ಹೆಸರು ಹೇಳಲಿಲ್ಲ. ಹೇಳಬಾರದು ಅಂತಲೇ ಹೇಳಲಿಲ್ಲ.

ಗುರುನಾಥ ವಕೀಲರು ತೊಡೆಯ ಮೇಲಿನ ಬಟ್ಟೆಯನ್ನು ಮಡಿಸಿಟ್ಟರು. ಭೇಷ್ ವರದಾಬಾಯಿ, ಇದು ನಮ್ಮ ಅರ್ಜಿಗೆ ಬಂಗಾರದಂಥ ಮಾತು ಅಂದರು. ಆ ಮನುಷ್ಯನ ಹೇಳಿಕೆ ಇವತ್ತೇ ಬರೆಸಬೇಕು, ಯಾರವರು ಅಂತ ಕೇಳಿದರು. ಸೋಮವಾರ ತಾನೇ ಕರೆದುಕೊಂಡು ಬರುತ್ತೇನೆ ಅಂದಳು ವರದಾ. ಒಳ್ಳೇದು ಅಂತ ತಲೆಯಾಡಿಸಿ, ಬಣ್ಣ ಮನಸ್ಸಿಗೆ ಬರಲಿಲ್ಲ ಅಂತ ಶಂಕರೆಪ್ಪನಿಗೆ ಹೇಳಿ, ಅವರು ಇಳಿದು ಹೋದರು. ಚಹಾ ಹಾಗೇ ಇತ್ತು.

ಅವರು ಹೋದ ಮೇಲೆ ವರದಾ ಶಂಕರೆಪ್ಪನನ್ನು ಕೇಳಿದಳು.

“ಈ ಕಾಗದಾ ನಿಮಗ ಎಲ್ಲಿ ಸಿಕ್ತು?”

“ಅಜ್ಜನ ಟ್ರಂಕಿನ್ಯಾಗ.”

“ಎರಡು ಸಾವಿರದ ಹತ್ತೊಂಬತ್ತರ ಮಹಾಪೂರದಾಗ ನಿಮ್ಮ ಮನ್ಯಾಗ ಎದಿಮಟ್ಟ ನೀರು ನಿಂತಿತ್ತು. ಟ್ರಂಕು ಈಜಿತ್ತೇನು?”

ಶಂಕರೆಪ್ಪ ಅವಳ ಮುಖ ನೋಡಿದ. ಆಮೇಲೆ ಹೊದಿಕೆಯಿಂದ ಕಾಗದ ಹೊರಗೆ ತೆಗೆದು, ಎರಡೂ ಕೈಯಿಂದ ಅವಳ ಕೈಯಲ್ಲಿಟ್ಟ.

“ನೀವ ನೋಡ್ರಿ. ನನಗ ಅರಿವಿ ತಿಳಿತೈತಿ, ಅಕ್ಷರಾ ತಿಳ್ಯಾಂಗಿಲ್ಲ. ಚಲೋ ನೋಡ್ರಿ ಬಾಯಾರ. ನೋಡಿದ ಮ್ಯಾಲ ತಕರಾರು ಹಾಕೂದೋ ಬಿಡೂದೋ ನಿಮಗ ಬಿಟ್ಟದ್ದು.”

ಆ ಕಡೇ ಮಾತಿನ ಧಾಟಿ ಅವಳಿಗೆ ಹಿಡಿಸಲಿಲ್ಲ. ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದಳು.

ಹಳೇ ಕಾಲದ ಮೋಡಿ ಲಿಪಿಯಂತೆ ಬಾಗಿದ ಅಕ್ಷರ, ಒಂದರ ಹೆಗಲಿಗೆ ಒಂದು. ಯಾರೋ ಕಷ್ಟಪಟ್ಟು ಕಲಿತ ಕೈ. ಪೂರ್ವಕ್ಕೆ, ಅಂತ ಓದಿದಳು. ಮುಂದಿನ ಶಬ್ದಕ್ಕೆ ಬಂದಾಗ ಬೆರಳು ನಿಂತಿತು.

‘ಹಳೇ.’

ಆ ಒಂದು ಶಬ್ದ ಮಾತ್ರ ಬೇರೆ ಕೈಯಲ್ಲಿತ್ತು. ಬಾಗಿಲ್ಲ, ಹೆಗಲು ತಾಗಿಲ್ಲ. ದುಂಡಗೆ, ನೆಟ್ಟಗೆ. ‘ಳ’ದ ಬಾಲ ಒಳಕ್ಕೆ ಸುರುಳಿ ಸುತ್ತಿ ಜಿಲೇಬಿಯಂತೆ ಮುಗಿದಿತ್ತು. ಇರುವೆ ಹರಿದ ಝೆರಾಕ್ಸಿನಲ್ಲಿ ಕಾಣದ ಸುರುಳಿ.

ಆ ‘ಳ’ ಅವಳಿಗೆ ಗೊತ್ತಿತ್ತು. ಏಳನೇ ವರ್ಷಕ್ಕೆ ಪಾಟಿಯ ಮೇಲೆ ಬಳಪ ಹಿಡಿಸಿ, ಕೈಯ ಮೇಲೆ ಕೈ ಇಟ್ಟು ಯಾರು ತಿದ್ದಿಸಿದ್ದರೋ ಅವರದು. ಅವಳೂ ಹಾಗೇ ಬರೆಯುತ್ತಿದ್ದಳು.

ಕಾಗದ ವಾಪಸು ಕೊಟ್ಟು, ಮೆಟ್ಟಿಲಲ್ಲಿ ಚಪ್ಪಲಿ ಮೆಟ್ಟಿ ನೇರ ಮನೆಯ ದಾರಿ ಹಿಡಿದಳು.

*

ಮನೆಯ ಪಡಸಾಲೆಯಲ್ಲಿ ರಘೋತ್ತಮರಾಯರು ಹೂಬತ್ತಿ ಹೊಸೆಯುತ್ತ ಕೂತಿದ್ದರು. ಎಂಬತ್ತರ ಬೆರಳು, ಇನ್ನೂ ಎಳೆ ತಪ್ಪುತ್ತಿರಲಿಲ್ಲ. ಅವರ ಮಂಚದ ಕೆಳಗೆ ಹಿರಿಯರ ಕಾಲದ ಪೆಟ್ಟಿಗೆ. ಅದರೊಳಗೆ ಸಂಸ್ಥಾನದ ಖಾಲಿ ಛಾಪಾ ಕಾಗದ ಒಂದಿಷ್ಟು ಉಳಿದಿತ್ತು. ಸಣ್ಣವಳಿದ್ದಾಗ ಅದರ ಮೇಲೆ ಚಿತ್ರ ತೆಗೆದು ಏಟು ತಿಂದದ್ದು ಅವಳಿಗೆ ದಾರಿಯುದ್ದಕ್ಕೂ ನೆನಪಾಗುತ್ತ ಬಂದಿತ್ತು.

ಚಕ್ಕುಬಂದಿಯೊಳಗ ಹಳೇದು ಹೊಸಾದು ಅಂತ ಬರೀಬ್ಯಾಡ, ಇವತ್ತಿನ ಹೊಸಾದು ನಾಳಿಗೆ ಹಳೇದಾಗ್ತದ, ಹೆಸರು ಬರಿ. ಅಪ್ಪ ಅವಳಿಗೆ ಕಲಿಸಿದ ಮೊದಲನೇ ಪಾಠ. ಅಂಥ ಮನುಷ್ಯ.

ಅವಳು ನಿಂತೇ ಕೇಳಿದಳು. “ಅಪ್ಪಾ, ಹಳೇ ಚಾವಡಿ ಅಂತ ಯಾಕ ಬರದಿ?”

ಬೆರಳು ನಿಂತವು. ಬತ್ತಿ ತಟ್ಟೆಯಲ್ಲಿ ಬಿತ್ತು. ರಾಯರು ತಲೆ ಎತ್ತಲಿಲ್ಲ.

“ಸಿಕ್ತೇನು?”

“ಸಿಕ್ತು.”

“ಇಷ್ಟು ತಡಾ ಆಗಬಾರದಿತ್ತು,” ಅಂದರು. ಬೈಗುಳವೋ ಬೇಡಿಕೆಯೋ ತಿಳಿಯದ ದನಿ. “ಮೂರು ದಿನದಿಂದ ನಿನ್ನ ಚೀಲದಾಗ ಆ ಝೆರಾಕ್ಸ್ ಅದ. ದಿನಾ ಸಂಜಿಗೆ ನಿನ್ನ ಮಾರಿ ನೋಡ್ತೇನಿ. ನೀ ಏನೂ ಅನ್ನಂಗಿಲ್ಲ.”

ಆಮೇಲೆ ತುಂಡು ತುಂಡಾಗಿ ಹೇಳಿದರು. ಎರಡು ವರ್ಷದ ಹಿಂದೆ ವರದಾ ಬರೆದ ಒಂದು ಪತ್ರಕ್ಕೆ ಯಾರೋ ಬೇರೆಯವರ ಹೆಸರಿನಲ್ಲಿ ಸಹಿ ಹಾಕಿ ಹೋಗಿದ್ದರು. ಅದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಿದ್ದ ಮನುಷ್ಯ ಇವರ ಹತ್ತಿರ ಬಂದಿದ್ದ. ಬರೆದುಕೊಡದಿದ್ದರೆ ಅವಳ ಲೈಸೆನ್ಸು ಹೋಗುತ್ತಿತ್ತು, ಮೇಲೆ ಕೇಸು. ಬರೆದರು. ಬರೆಯುವಾಗ ಬೇಕಂತಲೇ ಒಂದು ತಪ್ಪು ಶಬ್ದ ಸೇರಿಸಿ, ಅದನ್ನು ಮಾತ್ರ ತಮ್ಮ ಸ್ವಂತ ಅಕ್ಷರದಲ್ಲಿ ಬರೆದರು. ಓದಲಿಕ್ಕೆ ಬರುವವರು ಯಾರಾದರೂ ಓದುತ್ತಾರೆ, ಮಗಳೇ ಓದುತ್ತಾಳೆ ಅಂತ.

“ಬಸಯ್ಯ ಮದಲ ಓದಿದ,” ಅಂದರು. “ಓದಿದ್ದನ್ನ ಹೋಗಿ ಯಾರ ಮುಂದ ಹೇಳಬಾರದಿತ್ತೋ ಅವರ ಮುಂದನ ಹೇಳಿದ.”

“ಶಂಕರೆಪ್ಪಗ?”

ರಾಯರು ಇಲ್ಲವೆಂಬಂತೆ ಕೈ ಅಲ್ಲಾಡಿಸಿದರು. ಮೊದಲ ಸಲ ಮಗಳ ಮುಖ ನೋಡಿದರು.

“ನೀ ಈಗ ಇದನ್ನ ಎಲ್ಲಿ ಹೇಳಿ ಬಂದಿ?”

ಅವಳು ಅಂಗಡಿಯ ಮಾತು ಹೇಳಿದಳು. ಕಲ್ಲು ಹೊತ್ತವರು ಬದುಕಿದ್ದಾರೆ ಅಂದದ್ದನ್ನೂ. ಹೆಸರು ಮಾತ್ರ ಹೇಳಲಿಲ್ಲ ಅಂದಳು.

“ಹೆಸರು ಯಾಕ ಬೇಕು ವರದಾ? ಕಲ್ಲು ಹೊತ್ತವರು ಈ ಊರಾಗ ಇನ್ನು ಎಷ್ಟು ಮಂದಿ ಉಳದಾರ?”

ಶಂಕರೆಪ್ಪನ ಗಾದಿಯ ತುದಿಯಲ್ಲಿ ಚಾಚಿದ್ದ, ಬೂಟು ಬಿಚ್ಚದ ಎರಡು ಕಾಲು ವರದಾಳ ಕಣ್ಣ ಮುಂದೆ ಬಂದವು. ವಕೀಲರ ಕಿವಿಗೂ ಹಾಕಬೇಕು, ಅಂತ ಬಸಯ್ಯ ಬರೆದಿದ್ದ.

ಚೀಲದಲ್ಲಿ ಮೊಬೈಲು ಹೊಡೆದುಕೊಂಡಿತು. ಚನ್ನವ್ವ. ಹಿಂದೆ ರೊಟ್ಟಿ ಬಡಿಯುವ ಅದೇ ತಾಳ.

“ಬಾಯಾರ, ಯಜ್ಜ ನಿಮ್ಮನಿಗೆ ಬಂದು ಮುಟ್ಟಿದನಿಲ್ಲ?”

“ನಮ್ಮನಿಗೆ ಯಾಕ?”

“ನೀವ ಕರಸೀರಂತಲ್ಲ, ಹೇಳಿಕಿ ಬರಸಾಕ. ನಮ್ಮ ವಕೀಲರು ತಾವ ಕಾರು ತಗೊಂಡು ಬಂದಿದ್ರು. ಕೈ ಹಿಡದು ಎಬ್ಬಿಸಿ ಎಷ್ಟು ಚಂದಾಗಿ ಕರಕೊಂಡು ಹೋದ್ರು ಅಂತೀರಿ.” ಚನ್ನವ್ವ ಸ್ವಲ್ಪ ನಕ್ಕಳು. “ಆ ಗಡಿಬಿಡಿಯಾಗ ಮುದುಕ ಚಪ್ಪಲಿ ಇಲ್ಲೇ ಬಾಗಲಾಗ ಬಿಟ್ಟು ಹೋಗ್ಯಾನ. ಇಂಥಾ ಬಿಸಲಾಗ ಬರಿಗಾಲಲೆ ಹೆಂಗ ನಡದಾನು, ನೋಡ್ರಿ. ಬಂದ ಕೂಡ್ಲೆ ಹೇಳ್ರಿ, ಕಳಸ್ತೇನಿ.”